ಯಾವ ದಿನದ ವಿಕ್ರಾಂತ್?

ತಮ್ಮ: ಅಕ್ಕಾ, ಮೇಜಿನ ಮೇಲಿರುವ ಈ ಹಡಗು ಯಾವುದು? ಅಡಿಕೋಲಿನಷ್ಟು ಉದ್ದವಿದೆ.

ಅಕ್ಕ: ಸರಿಯಾಗಿ ಅಡಿಕೋಲಿನಷ್ಟೇ. ನಮ್ಮ ಹಳೆಯ ಐಎನ್‌ಎಸ್ ವಿಕ್ರಾಂತ್, ದೇಶದ ಮೊದಲ ವಿಮಾನವಾಹಕ. ನಿಜವಾದ ಹಡಗು 700 ಅಡಿ ಉದ್ದ. ನಾನು ಕಟ್ಟುತ್ತಿರುವುದು 1/700 ಅಳತೆಯಲ್ಲಿ. ಹಾಗಾಗಿ ಲೆಕ್ಕ ಒಂದು ಅಡಿಗೆ ಬಂದು ನಿಂತಿತು.

ತಮ್ಮ: ನೀರೊಳಗಿನ ಅರ್ಧ ಎಲ್ಲಿ? ತಳ ಚಪ್ಪಟೆಯಾಗಿದೆಯಲ್ಲ.

ಅಕ್ಕ: ಇದು ವಾಟರ್‌ಲೈನ್ ಮಾದರಿ. ನೀರಿನ ಮಟ್ಟಕ್ಕೆ ಕತ್ತರಿಸಿದ್ದು. ಮೇಜಿನ ಮೇಲಿಟ್ಟರೆ ಸಮುದ್ರದಲ್ಲಿ ತೇಲುವ ಹಾಗೆ ಕಾಣುತ್ತದೆ. ಜಪಾನಿನ ಶಿಜುಒಕ ಪ್ರಾಂತ್ಯದ ನಾಲ್ಕು ಕಂಪನಿಗಳು, ತಮಿಯಾ, ಅಒಶಿಮಾ, ಹಸೆಗಾವಾ, ಫುಜಿಮಿ, 1971ರಲ್ಲಿ ಸೇರಿಕೊಂಡು ಈ ಸರಣಿ ಶುರುಮಾಡಿದವು. ಜಪಾನಿನ ನೌಕಾಪಡೆಯ ಹಡಗುಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು, ಎಲ್ಲವನ್ನೂ ಒಂದೇ ಅಳತೆಯಲ್ಲಿ ತಂದರು. ವ್ಯಾಪಾರದಲ್ಲಿ ಎದುರಾಳಿಗಳಾಗಿದ್ದವರು ಹಾಗೆ ಕೂಡಿದ್ದರಿಂದಲೇ 1/700 ಎಂಬುದು ಲೋಕಕ್ಕೆಲ್ಲ ರೂಢಿಯಾಯಿತು. ಇನ್ನೂ ದೊಡ್ಡದು ಬೇಕೆನ್ನುವವರಿಗೆ 1/350 ಇದೆ, 1/200 ಇದೆ. ವಿಕ್ರಾಂತನ್ನು 1/350ರಲ್ಲಿ ಮಾಡಿದರೆ ಎರಡು ಅಡಿ ಆಗುತ್ತದೆ. ಅದನ್ನಿಡಲು ನಮ್ಮ ಮನೆಯ ಕಪಾಟು ಸಾಲದು.

ತಮ್ಮ: ಪೆಟ್ಟಿಗೆಯಲ್ಲಿ ಬರುವ ಚೂರುಗಳನ್ನು ಅಂಟಿಸುವುದಷ್ಟೇ ಅಲ್ಲವೇ ಕೆಲಸ? ಇದಕ್ಕೆ ಇಷ್ಟೊಂದು ಪುಸ್ತಕ, ಫೋಟೊ ಯಾಕೆ ಹರಡಿಕೊಂಡಿದ್ದೀಯ?

ಅಕ್ಕ: ಈ ಹಡಗಿನ ಕಿಟ್ ಅಂಗಡಿಗೆ ಹೋಗಿ ಕೇಳಿದರೆ ಸಿಗುವಂಥದ್ದಲ್ಲ. ಅದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಪದರ ಪದರವಾಗಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಒಡಲಿನ ಆಕಾರಕ್ಕೆ ತಂದೆ. ಆದರೆ ಕಿಟ್ ಇದ್ದಿದ್ದರೂ ಪುಸ್ತಕ ಬೇಕೇ ಆಗುತ್ತಿತ್ತು. ಮೊದಲ ಚೂರನ್ನು ಕತ್ತರಿಸುವ ಮುಂಚೆ ನಾನೊಂದು ಪ್ರಶ್ನೆಗೆ ಉತ್ತರ ಕೊಡಬೇಕು: ಯಾವ ದಿನದ ವಿಕ್ರಾಂತ್?

ತಮ್ಮ: ಹಡಗು ಒಂದೇ ಅಲ್ಲವೇ?

ಅಕ್ಕ: ಹೆಸರು ಒಂದೇ. ನೋಡು, ಇದರ ಹುಟ್ಟು 1943ರಲ್ಲಿ, ಇಂಗ್ಲೆಂಡಿನ ಟೈನ್ ನದಿಯ ದಂಡೆಯ ಹಡಗುಕಟ್ಟೆಯಲ್ಲಿ. 1945ರ ಸೆಪ್ಟೆಂಬರಿನಲ್ಲಿ ನೀರಿಗಿಳಿದಾಗ ಅದರ ಹೆಸರು ಎಚ್‌ಎಂಎಸ್ ಹರ್ಕ್ಯುಲೀಸ್. ಆ ಹೊತ್ತಿಗೆ ಯುದ್ಧ ಮುಗಿದಿತ್ತು. ಬ್ರಿಟನ್ನಿಗೆ ಹಡಗು ಬೇಡವಾಯಿತು, ಕೆಲಸ ಅರ್ಧಕ್ಕೆ ನಿಂತಿತು, ವರ್ಷಗಟ್ಟಲೆ ಕಟ್ಟಿಹಾಕಿದ್ದರು. 1957ರಲ್ಲಿ ಭಾರತ ಕೊಂಡಿತು. ಬೆಲ್‌ಫಾಸ್ಟಿನಲ್ಲಿ ಕೆಲಸ ಮುಂದುವರಿಸಿ, ಓರೆಯಾದ ಡೆಕ್ ಕೂಡಿಸಿ, ವಿಮಾನವನ್ನು ಮುಂದಕ್ಕೆ ಚಿಮ್ಮಿಸುವ ಉಗಿಯಂತ್ರ ಹಾಕಿದರು. 1961ರ ಮಾರ್ಚ್ 4ರಂದು ವಿಜಯಲಕ್ಷ್ಮಿ ಪಂಡಿತ್ ಅದನ್ನು ನೌಕಾಪಡೆಗೆ ಸೇರಿಸಿದರು. ಅದು ಒಂದು ವಿಕ್ರಾಂತ್. 1980ರ ದಶಕದಲ್ಲಿ ಅದರಿಂದ ಸೀ ಹ್ಯಾರಿಯರ್ ವಿಮಾನಗಳು ಹಾರತೊಡಗಿದವು, ದಶಕದ ಕೊನೆಗೆ ಮೂತಿಗೆ ಮೇಲಕ್ಕೆ ಬಾಗಿದ ಸ್ಕೀ ಜಂಪ್ ಬಂತು, ಉಗಿಯಂತ್ರ ಹೋಯಿತು. ಅದು ಇನ್ನೊಂದು. 1997ರ ಜನವರಿ 31ರಂದು ನಿವೃತ್ತಿಯಾಗಿ, ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತದ್ದು ಮತ್ತೊಂದು. ಇವನ್ನೆಲ್ಲ ಬೆರೆಸಿ ಮಾಡಿದರೆ ಯಾವ ದಿನವೂ ಇರದಿದ್ದ ಹಡಗೊಂದು ತಯಾರಾಗುತ್ತದೆ.

ತಮ್ಮ: ನೀನು ಆರಿಸಿಕೊಂಡ ದಿನ?

ಅಕ್ಕ: 1971ರ ಡಿಸೆಂಬರ್ 4. ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಬಂಗಾಳ ಕೊಲ್ಲಿಯಲ್ಲಿ. ಬೆಳಿಗ್ಗೆ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರಿನ ಮೇಲೆ ಹೋದವು, ಮಧ್ಯಾಹ್ನ ಚಿತ್ತಗಾಂಗಿನ ಮೇಲೆ. ದಿನ ಗೊತ್ತಾದರೆ ಕೆಲಸಕ್ಕೆ ಎಲ್ಲೆ ಗೊತ್ತಾಗುತ್ತದೆ. ಸ್ಕೀ ಜಂಪ್ ಇಲ್ಲ, ಮುಂಭಾಗ ಮಟ್ಟಸ. ಡೆಕ್ಕಿನ ಮೇಲೆ ಹ್ಯಾರಿಯರ್ ಇಡುವಂತಿಲ್ಲ. ಸೀ ಹಾಕ್ ಮತ್ತು ಆಲಿಝೆ, ಇವೆರಡೇ ಜಾತಿಯ ವಿಮಾನ ಸಾಲಾಗಿ ನಿಲ್ಲಬೇಕು. ಸೀ ಹಾಕ್‌ನ ರೆಕ್ಕೆಯಗಲ ಈ ಅಳತೆಯಲ್ಲಿ 17 ಮಿಲಿಮೀಟರ್. ಆಲಿಝೆಯ ರೆಕ್ಕೆ ಅದಕ್ಕಿಂತ ಅಗಲ, ಡೆಕ್ ಮೇಲೆ ನಿಲ್ಲಿಸುವಾಗ ಮಡಚಿಡುತ್ತಿದ್ದರು. ಹಾಗಾಗಿ ನಾನೂ ಮಡಚಿಯೇ ಮಾಡಬೇಕು.

ತಮ್ಮ: ಸರಿ, ಇಷ್ಟು ಕಾಣುವ ಸಂಗತಿ. ಇದು ಇತಿಹಾಸದ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅಡಿಕೋಲಿನಷ್ಟು ಪ್ಲಾಸ್ಟಿಕ್ಕು ಆ ಎರಡು ಸಾಲಿಗಿಂತ ಹೆಚ್ಚೇನು ಹೇಳುತ್ತದೆ?

ಅಕ್ಕ: ಯುದ್ಧಕ್ಕೆ ಮುಂಚೆಯೇ ವಿಕ್ರಾಂತಿನ ಬಾಯ್ಲರ್‌ನಲ್ಲಿ ಬಿರುಕು ಕಂಡಿತ್ತು. ಇಲ್ಲೇ ಸರಿಮಾಡುವಂಥ ಬಿರುಕಲ್ಲ. ಇಂಥ ಹಡಗನ್ನು ಯುದ್ಧಕ್ಕೆ ಕಳಿಸಬೇಕೋ ಬೇಡವೋ ಎಂದು ನೌಕಾಪಡೆಯೊಳಗೇ ಚರ್ಚೆಯಾಗಿ, ಕೊನೆಗೆ ಪೂರ್ಣ ವೇಗ ಬಳಸದೆ ಓಡಿಸುವುದೆಂದು ತೀರ್ಮಾನವಾಯಿತು. ಈಗ ನನ್ನ ಕಷ್ಟ ನೋಡು. ಬಾಯ್ಲರ್ ಒಡಲೊಳಗಿದೆ, ಮಾದರಿಯಲ್ಲಿ ಕಾಣುವುದಿಲ್ಲ. ಆದರೆ ನಾನು ಹಡಗನ್ನು ಸಮುದ್ರದ ಮೇಲೆ ಕೂರಿಸುತ್ತೇನೆ. ಮೂತಿ ಸೀಳುವ ಅಲೆ ಎಷ್ಟು ಎತ್ತರ ಏಳಬೇಕು? ಹಿಂದೆ ನೊರೆ ಎಷ್ಟು ದೂರ ಹರಡಬೇಕು? ಪೂರ್ಣ ವೇಗಕ್ಕೆ, ಅಂದರೆ 25 ನಾಟ್ ಹತ್ತಿರಕ್ಕೆ, ಒಂದು ಅಲೆ. ಹುಷಾರಾಗಿ ಓಡಿಸುವ ಹಡಗಿಗೆ ಬೇರೆ ಅಲೆ. ಚಂದ ಕಾಣಲೆಂದು ದೊಡ್ಡ ನೊರೆ ಹಾಕಿಬಿಟ್ಟರೆ ಆ ದಿನದ ಎಂಜಿನ್ ಕೋಣೆಯವರ ಆತಂಕ ಪೂರ್ತಿ ಅಳಿಸಿಹೋಗುತ್ತದೆ.

ತಮ್ಮ: ವೇಗ ಕಡಿಮೆಯಾದರೆ ವಿಮಾನಗಳಿಗೂ ತೊಂದರೆ ಅಲ್ಲವೇ? ಹಡಗು ಗಾಳಿಗೆ ಎದುರಾಗಿ ಓಡಿದರೆ ತಾನೇ ಅವು ಮೇಲೇಳುವುದು?

ಅಕ್ಕ: ಅದೇ. ಡೆಕ್ಕಿನ ಮೇಲೆ ಬೀಸುವ ಗಾಳಿ ಎಂದರೆ ಸಮುದ್ರದ ಗಾಳಿ ಮತ್ತು ಹಡಗಿನ ವೇಗ, ಎರಡೂ ಕೂಡಿದ್ದು. ಒಂದು ಕಡಿಮೆಯಾದರೆ ಪೈಲಟ್‌ನ ಪಾಲಿಗೆ ಉಳಿಯುವ ಅಂತರ ಕಿರಿದಾಗುತ್ತದೆ. ನೀನು ಹೇಳಿದ ಎರಡು ಸಾಲಿನಲ್ಲಿ ವಿಮಾನಗಳು ಹಾರಿದವು, ಬಾಂಬ್ ಹಾಕಿದವು ಎಂದಿರುತ್ತದೆ. ಅಲೆಯನ್ನು ಎಷ್ಟು ಎತ್ತರ ಮಾಡಲಿ ಎಂದು ಕೂತು ಯೋಚಿಸಿದಾಗಲೇ ಅವು ಹಾರಿದ್ದು ಎಂಥ ಸ್ಥಿತಿಯಲ್ಲಿ ಅಂತ ನನ್ನ ಮನಸ್ಸಿಗೆ ಹತ್ತಿತು. ಕೈಯಿಂದ ಮಾಡಲು ಹೊರಟರೆ ಮಾತ್ರ ಏಳುವ ಪ್ರಶ್ನೆಗಳಿವೆ ಕಣೋ. ಓದುವಾಗ ಅವು ಏಳುವುದಿಲ್ಲ.

ತಮ್ಮ: ಹಾಗಾದರೆ ಈ ಸೂಕ್ಷ್ಮ ಎಲ್ಲಿಗೆ ನಿಲ್ಲುತ್ತದೆ? ಡೆಕ್ಕಿನ ಅಂಚಿನ ಈ ಬೇಲಿ ಕೂದಲಿಗಿಂತ ಸಣ್ಣದಿದೆ. ಕನ್ನಡಕ ತೆಗೆದರೆ ಕಾಣುವುದೇ ಇಲ್ಲ.

ಅಕ್ಕ: ಅದು ಫೋಟೊ-ಎಚ್ ಹಿತ್ತಾಳೆ. ತೆಳುವಾದ ಹಿತ್ತಾಳೆ ಹಾಳೆಯ ಮೇಲೆ ಚಿತ್ರ ಮೂಡಿಸಿ, ಬೇಡವಾದ ಭಾಗವನ್ನು ಆಸಿಡ್ಡಿನಲ್ಲಿ ಕರಗಿಸಿ ತೆಗೆದಿರುತ್ತಾರೆ. ರೇಲಿಂಗು, ಏಣಿ, ರೇಡಾರ್ ಜಾಲರಿ ಎಲ್ಲ ಹಾಗೇ ಬರುತ್ತವೆ. ಗಾಜಿನ ಮೇಲಿಟ್ಟು ಹೊಸ ಬ್ಲೇಡಿನಿಂದ ಕತ್ತರಿಸಬೇಕು, ಸ್ಟೀಲ್ ಸ್ಕೇಲಿನ ಅಂಚಿಗೆ ಒತ್ತಿ ಬಗ್ಗಿಸಬೇಕು, ಚಿಮುಟದಲ್ಲಿ ಹಿಡಿದು ಸೂಜಿಮೊನೆಯಷ್ಟು ಸೂಪರ್ ಗ್ಲೂ ಮುಟ್ಟಿಸಬೇಕು. ಅಷ್ಟಾದರೂ ಲೆಕ್ಕ ಹಾಕು. ಹಾಳೆಯ ದಪ್ಪ ಹತ್ತಿರಹತ್ತಿರ 0.1 ಮಿಲಿಮೀಟರ್. 700ರಿಂದ ಗುಣಿಸಿದರೆ 7 ಸೆಂಟಿಮೀಟರ್. ನಿಜವಾದ ಹಡಗಿನ ರೇಲಿಂಗ್ ತಂತಿ ಅಷ್ಟು ದಪ್ಪವಿರಲು ಸಾಧ್ಯವೇ? ಅಂದರೆ ನನಗೆ ಸಿಗುವ ಅತಿ ಸೂಕ್ಷ್ಮ ವಸ್ತುವೂ ಈ ಹಡಗಿಗೆ ಒರಟು.

ತಮ್ಮ: ಅಂದಮೇಲೆ ಪೂರ್ತಿ ನಿಜ ಎಂಬುದು ಆಗುವುದೇ ಇಲ್ಲ.

ಅಕ್ಕ: ಆಗುವುದಿಲ್ಲ. ಅದಕ್ಕೇ ಬಿಡುವುದನ್ನೂ ಕಲಿಯಬೇಕು. ಈ ಅಳತೆಯಲ್ಲಿ ಮನುಷ್ಯ ಎರಡೂವರೆ ಮಿಲಿಮೀಟರೂ ಇಲ್ಲ. ಅವನಿಗೆ ಕಣ್ಣು ಮೂಗು ಬಿಡಿಸಲು ಹೋದರೆ ಬಣ್ಣದ ಗಂಟಾಗುತ್ತದೆ. ನೆರಳು ಬಿಟ್ಟರೆ ಸಾಕು, ಮನುಷ್ಯನೆಂದು ಗೊತ್ತಾಗುತ್ತದೆ. ಬಣ್ಣದಲ್ಲೂ ಹೀಗೇ. ನೌಕಾಪಡೆ ಬಳಿದ ಬೂದುಬಣ್ಣವನ್ನು ಹಾಗೆಯೇ ತಂದು ಬಳಿದರೆ ಮಾದರಿ ಕಪ್ಪಿಟ್ಟಂತೆ ಕಾಣುತ್ತದೆ. ದೂರದ ಗುಡ್ಡ ತೆಳು ನೀಲಿಯಾಗಿ ಕಾಣುವುದಿಲ್ಲವೇ, ದೂರದ ಹಡಗಿನ ಬಣ್ಣವೂ ಗಾಳಿಯಲ್ಲಿ ಹಾಗೆ ತಿಳಿಯಾಗುತ್ತದೆ. ಒಂದು ಅಡಿಯ ಹಡಗನ್ನು ನೋಡುವುದೆಂದರೆ ನೂರಾರು ಮೀಟರ್ ದೂರದಿಂದ ನಿಜವಾದದ್ದನ್ನು ನೋಡಿದಂತೆ ತಾನೇ? ಅದಕ್ಕೆ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸುತ್ತೇವೆ.

ತಮ್ಮ: ಬೂದುಬಣ್ಣದಲ್ಲಿ ಅಷ್ಟೊಂದು ಭೇದ ಇದೆಯೇ?

ಅಕ್ಕ: ಜಪಾನಿನ ಹಡಗು ಕಟ್ಟುವವರನ್ನು ಕೇಳು. ಕುರೆಯ ಕಟ್ಟೆಯಲ್ಲಿ ಬಳಿದ ಬೂದು ಬೇರೆ, ಸಾಸೆಬೊದ್ದು ಬೇರೆ. ತಮಿಯಾ ಆ ಹೆಸರುಗಳಲ್ಲೇ ಬೇರೆ ಬೇರೆ ಬಾಟಲಿ ಮಾರುತ್ತದೆ. ಒಂದು ಹಡಗು ಎಲ್ಲಿ ರಿಪೇರಿಯಾಯಿತು ಎಂಬುದರ ಮೇಲೆ ಅದರ ಬಣ್ಣ ನಿಂತಿದೆ. ಮತ್ತೆ ಅದೇ ಪ್ರಶ್ನೆಗೆ ಬಂದೆವು: ಯಾವ ದಿನ?

ತಮ್ಮ: ಈ ತಂತಿಗಳು? ಕಂಬದಿಂದ ಕಂಬಕ್ಕೆ ಎಳೆದದ್ದು ಹಿತ್ತಾಳೆಯೇ?

ಅಕ್ಕ: ಅದು ಪ್ಲಾಸ್ಟಿಕ್ಕೇ. ಕಿಟ್‌ಗಳಲ್ಲಿ ಚೂರುಗಳು ಅಂಟಿಕೊಂಡು ಬರುವ ಕಡ್ಡಿ ಇರುತ್ತದಲ್ಲ, ಸ್ಪ್ರೂ ಎನ್ನುತ್ತೇವೆ. ಬೇರೆಯವರು ಎಸೆಯುವುದನ್ನು ನಾವು ಕೂಡಿಟ್ಟುಕೊಳ್ಳುತ್ತೇವೆ. ಮೇಣದಬತ್ತಿಯ ಜ್ವಾಲೆಗೆ ಹಿಡಿದು, ಮೆತ್ತಗಾದ ಗಳಿಗೆಯಲ್ಲಿ ಹೊರಗೆ ತಂದು ಎರಡೂ ತುದಿ ಎಳೆದರೆ, ಬೆಲ್ಲದ ಪಾಕ ಎಳೆ ಬಂದ ಹಾಗೆ ಬರುತ್ತದೆ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ತೆಳು. ಆಂಟೆನಾ ತಂತಿಗೆ, ಬಾವುಟ ಏರಿಸುವ ಹಗ್ಗಕ್ಕೆ ಇದಕ್ಕಿಂತ ಒಳ್ಳೆಯದು ಕಡಿಮೆ. ಅಂಟಿಸುವುದರಲ್ಲೂ ಗಮ್ಮತ್ತಿದೆ. ಮಾಡೆಲಿಂಗ್ ಸಿಮೆಂಟು ಎನ್ನುತ್ತಾರಲ್ಲ, ಅದು ಸಾಮಾನ್ಯ ಗೋಂದಿನ ಹಾಗೆ ನಡುವೆ ಕೂತು ಅಂಟಿಸುವುದಲ್ಲ. ಎರಡು ಚೂರುಗಳ ಮೈಯನ್ನೂ ಕರಗಿಸುತ್ತದೆ, ಕರಗಿದ ಮೈಗಳು ಬೆರೆಯುತ್ತವೆ, ಆಮೇಲೆ ಅದು ಆವಿಯಾಗಿ ಹೋಗುತ್ತದೆ. ಉಳಿಯುವುದು ಒಂದೇ ಚೂರು. ಹಾಗಾಗಿ ಅಂಟಿಸುವ ಮುಂಚೆ ಸಿಮೆಂಟಿಲ್ಲದೆ ಜೋಡಿಸಿ ನೋಡದೆ ಮುಂದೆ ಹೋಗುವಂತಿಲ್ಲ.

ತಮ್ಮ: ಈಗ ನಾನು ಬಂದಾಗಿನಿಂದ ತಡೆದಿಟ್ಟುಕೊಂಡ ಪ್ರಶ್ನೆ ಕೇಳುತ್ತೇನೆ. ನಿನಗೆ ಬೇಸರವಾದರೂ ಸರಿ. ಇದು ಕೊಲ್ಲುವ ಯಂತ್ರ. ಇದರ ವಿಮಾನಗಳು ಹಾಕಿದ ಬಾಂಬಿನಿಂದ ಜನ ಸತ್ತಿದ್ದಾರೆ. ಅದನ್ನು ಇಷ್ಟು ಪ್ರೀತಿಯಿಂದ ತಿದ್ದಿ ತೀಡಿ ಕಪಾಟಿನಲ್ಲಿ ಇಡುವುದು ಸರಿಯೇ? ಮೀನುದೋಣಿ ಮಾಡಬಹುದಿತ್ತಲ್ಲ.

ಅಕ್ಕ: ಬೇಸರ ಯಾಕೆ? ಈ ಹವ್ಯಾಸದವರೆಲ್ಲ ತಮ್ಮನ್ನು ತಾವು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಅದು. ಮೀನುದೋಣಿಯೂ ಮಾಡುತ್ತೇನೆ, ಅದಕ್ಕೂ ಇದಕ್ಕೂ ವೈರವಿಲ್ಲ. ಯುದ್ಧನೌಕೆಯ ಮಾದರಿಗೆ ಹಿಂದೆ ದೊಡ್ಡ ಚರಿತ್ರೆ ಇದೆ, ಅದರಲ್ಲಿ ನೀನು ಹೇಳಿದ ಅಪಾಯವೂ ಇದೆ. ಇಂಗ್ಲೆಂಡಿನ ಗ್ರೀನಿಚ್‌ನ ಸಂಗ್ರಹದಲ್ಲಿ 17ನೇ ಶತಮಾನದ ನೇವಿ ಬೋರ್ಡ್ ಮಾದರಿಗಳಿವೆ. ಹೆಚ್ಚಿನವು 1/48 ಅಳತೆಯವು. ಒಡಲಿನ ಕೆಳಭಾಗಕ್ಕೆ ಹಲಗೆ ಹೊದಿಸದೆ, ಒಳಗಿನ ಪಕ್ಕೆಲುಬು ಕಾಣುವಂತೆ ಬಿಟ್ಟಿದ್ದಾರೆ. ಅವು ಅಧಿಕಾರದ ವಸ್ತುಗಳು, ಸಾಮ್ರಾಜ್ಯದ ಬಲವನ್ನು ಮೇಜಿನ ಮೇಲೆ ತೋರಿಸುವಂಥವು. 1898ರಲ್ಲಿ ಫ್ರೆಡ್ ಜೇನ್ ಎಂಬವನು ಜಗತ್ತಿನ ಯುದ್ಧನೌಕೆಗಳ ಪುಸ್ತಕ ತಂದ. ಅವನೇ ಮಾದರಿ ಹಡಗುಗಳನ್ನಿಟ್ಟು ಆಡುವ ನೌಕಾಯುದ್ಧದ ಆಟವನ್ನೂ ರೂಪಿಸಿದ. ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ಹಡಗನ್ನು ದೂರದಿಂದ ಗುರುತಿಸುವ ತರಬೇತಿಗೆ 1/1200 ಅಳತೆಯ ಪುಟ್ಟ ಮಾದರಿಗಳನ್ನು ಬಳಸಿದರು. ಅಂದರೆ ಮಾದರಿ ಎಂಬುದು ಮುಗ್ಧ ವಸ್ತುವೇನಲ್ಲ. ಯುದ್ಧಕ್ಕೆ ನೇರವಾಗಿ ದುಡಿದಿದೆ.

ತಮ್ಮ: ನನ್ನ ಮಾತನ್ನೇ ನೀನು ಗಟ್ಟಿಮಾಡುತ್ತಿದ್ದೀಯ.

ಅಕ್ಕ: ಇನ್ನೊಂದು ಕಡೆಯೂ ಕೇಳು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸಾವಿರಾರು ಫ್ರೆಂಚ್ ಸೈನಿಕರು, ನಾವಿಕರು ಇಂಗ್ಲೆಂಡಿನಲ್ಲಿ ಸೆರೆಯಾಗಿದ್ದರು. ಪೀಟರ್‌ಬರೋ ಹತ್ತಿರ ನಾರ್ಮನ್ ಕ್ರಾಸ್ ಎಂಬಲ್ಲಿ 1797ರಲ್ಲಿ ಅವರಿಗೆಂದೇ ಶಿಬಿರ ಕಟ್ಟಿದರು. ಊಟಕ್ಕೆ ಕೊಟ್ಟ ಮಾಂಸದ ಮೂಳೆಗಳನ್ನು ಅವರು ಎತ್ತಿಟ್ಟುಕೊಂಡರು. ಬೇಯಿಸಿ, ಬಿಳುಪಾಗಿಸಿ, ಪಟ್ಟಿಗಳಾಗಿ ಸೀಳಿ, ಅದರಿಂದ ಯುದ್ಧನೌಕೆಗಳನ್ನು ಕಟ್ಟಿದರು. ಹಗ್ಗಕ್ಕೆ ದಾರ, ಕೂದಲು. ಕೆಲವು ಮಾದರಿಗಳಲ್ಲಿ ದಾರ ಎಳೆದರೆ ತೋಪುಗಳು ಒಳಕ್ಕೆ ಹೋಗುತ್ತವೆ. ಶಿಬಿರದ ಬಾಗಿಲಲ್ಲಿ ನಡೆಯುತ್ತಿದ್ದ ಸಂತೆಯಲ್ಲಿ ಅವನ್ನು ಸುತ್ತಲಿನ ಇಂಗ್ಲಿಷರಿಗೆ ಮಾರಿ ನಾಲ್ಕು ಕಾಸು ಮಾಡಿಕೊಂಡರು. ಪೀಟರ್‌ಬರೋ ವಸ್ತುಸಂಗ್ರಹಾಲಯದಲ್ಲಿ ಅವರ ಕೈಕೆಲಸದ ದೊಡ್ಡ ಸಂಗ್ರಹ ಇವತ್ತಿಗೂ ಇದೆ. ಯಾವ ಯುದ್ಧ ಅವರನ್ನು ಅಲ್ಲಿ ಕೂಡಿಹಾಕಿತೋ ಅದರ ಹಡಗನ್ನೇ ಅವರು ಕಟ್ಟಿದರು. ಆ ಮಾದರಿಯಲ್ಲಿ ಯುದ್ಧದ ಹೊಗಳಿಕೆ ಇದೆ ಎನ್ನುತ್ತೀಯಾ?

ತಮ್ಮ: ಇಲ್ಲ. ಅದರಲ್ಲಿ ಕಾಣುವುದು ಹೊಟ್ಟೆಪಾಡು. ಮನೆಯ ನೆನಪು. ಕೈಯನ್ನು ಸುಮ್ಮನೆ ಬಿಡಲಾರದ ಮನುಷ್ಯ.

ಅಕ್ಕ: ಹಾಗಾದರೆ ಮಾದರಿ ಏನು ಹೇಳುತ್ತದೆ ಎಂಬುದು ಯಾರು, ಯಾಕೆ, ಏನನ್ನು ನೆನಪಿಟ್ಟುಕೊಂಡು ಕಟ್ಟಿದರು ಎಂಬುದರ ಮೇಲಿದೆ. ದಿಯುವಿನಲ್ಲಿ ಸಮುದ್ರಕ್ಕೆ ಮುಖಮಾಡಿದ ದಿಬ್ಬದ ಮೇಲೆ ಐಎನ್‌ಎಸ್ ಖುಕ್ರಿಯ ಸ್ಮಾರಕವಿದೆ. 1971ರ ಡಿಸೆಂಬರ್ 9ರ ರಾತ್ರಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯ ಟಾರ್ಪಿಡೊಗೆ ಸಿಕ್ಕಿ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಆ ಸ್ಮಾರಕದಲ್ಲಿ ಏನಿಟ್ಟಿದ್ದಾರೆ ಗೊತ್ತೇ? ಗಾಜಿನೊಳಗೆ ಖುಕ್ರಿಯ ಮಾದರಿ. ಹಡಗು ಸಮುದ್ರದ ತಳದಲ್ಲಿದೆ. ಹೋದವರ ಮನೆಯವರು ಬಂದರೆ, ತಮ್ಮವರು ಬದುಕಿದ್ದ ಜಾಗ ಹೀಗಿತ್ತು ಎಂದು ನೋಡಲು ಅಲ್ಲಿರುವುದು ಆ ಮಾದರಿ. ಅದರಲ್ಲಿ ಒಂದು ಬಾಗಿಲು ಇಲ್ಲದ ಕಡೆ ಬಿಡಿಸಿದ್ದರೆ, ಒಂದು ಏಣಿ ತಪ್ಪಿದ್ದರೆ, ಪರವಾಗಿಲ್ಲ ಎನ್ನಲು ನನ್ನಿಂದಾಗದು.

ತಮ್ಮ: ಎದುರು ಪಕ್ಷದವರ ಹಡಗಾದರೆ?

ಅಕ್ಕ: ಅದೇ ನಿಯಮ. ಜಪಾನಿನ ಕುರೆ ಊರಿನಲ್ಲಿ ಯಮಾತೊ ಎಂಬ ಯುದ್ಧನೌಕೆ ಹುಟ್ಟಿತು, ಜಗತ್ತಿನ ಅತಿ ದೊಡ್ಡ ತೋಪುಗಳ ನೌಕೆ. 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳ ದಾಳಿಗೆ ಮುಳುಗಿತು. ಅದರೊಂದಿಗೆ ಸುಮಾರು 3,000 ಜನ ಹೋದರು. ಯುದ್ಧ ಮುಗಿಯುವಾಗ ಅದರ ನಕ್ಷೆಗಳಲ್ಲಿ ಬಹುಪಾಲನ್ನು ಸುಟ್ಟುಹಾಕಿದರು. 2005ರಲ್ಲಿ ಕುರೆಯ ವಸ್ತುಸಂಗ್ರಹಾಲಯ ತೆರೆದಾಗ ನಡುಮನೆಯಲ್ಲಿ ಯಮಾತೊವಿನ 1/10 ಅಳತೆಯ ಮಾದರಿ ನಿಲ್ಲಿಸಿದರು, 26.3 ಮೀಟರ್ ಉದ್ದದ್ದು. ಉಳಿದ ಕಾಗದ, ಫೋಟೊ, ಸಮುದ್ರದ ತಳದ ಅವಶೇಷದ ಚಿತ್ರ, ಬದುಕಿ ಬಂದವರ ಮಾತು, ಇವನ್ನೆಲ್ಲ ಕೂಡಿಸಿಯೇ ಇಂಥ ಹಡಗನ್ನು ಮತ್ತೆ ತಿಳಿಯಬೇಕಾಯಿತು. ತಮಿಯಾ 1960ರಲ್ಲಿ ತಂದ ಮೊದಲ ಪ್ಲಾಸ್ಟಿಕ್ ಮಾದರಿಯೂ ಯಮಾತೊವೇ, 1/800ರದ್ದು. ಸೋತ ದೇಶದ ಮಕ್ಕಳು ಅದನ್ನು ಅಂಟಿಸುತ್ತಾ ಬೆಳೆದರು. ಅವರಲ್ಲಿ ಕೆಲವರಿಗೆ ಅದು ಹೆಮ್ಮೆಯಷ್ಟೇ ಆಗಿದ್ದಿರಬಹುದು. ಆ ಅಪಾಯ ಇಲ್ಲವೆನ್ನಲಾರೆ. ಆದರೆ ಅಪಾಯ ಬರುವುದು ದಿನವನ್ನು ಮರೆತು ಹಡಗನ್ನಷ್ಟೇ ಮಾಡಿದಾಗ. 1945ರ ಏಪ್ರಿಲ್ 7ರ ಯಮಾತೊ ಮಾಡುವವನು, ಅದು ಆ ದಿನ ವಿಮಾನಗಳ ಕಾವಲಿಲ್ಲದೆ ಹೊರಟಿತ್ತು ಎಂಬುದನ್ನು ತಿಳಿಯದೆ ಇರಲಾರ. ತಿಳಿದಮೇಲೆ ಬರೀ ಹೆಮ್ಮೆಪಡುವುದು ಕಷ್ಟ.

ತಮ್ಮ: ಒಪ್ಪಿದೆ ಎನ್ನಲಾರೆ, ಆದರೆ ನಿನ್ನ ದಾರಿ ಕಾಣುತ್ತಿದೆ. ಈಗ ಇನ್ನೊಂದು. ಇವತ್ತು ಮನೆಯಲ್ಲಿಟ್ಟುಕೊಳ್ಳುವ 3ಡಿ ಪ್ರಿಂಟರೇ ಕೂದಲೆಳೆಯಷ್ಟು ಸೂಕ್ಷ್ಮವಾಗಿ ತೋಪು, ದೋಣಿ, ಕ್ರೇನು ಎಲ್ಲ ತೆಗೆಯುತ್ತದೆ. ಕೈಯಲ್ಲಿ ಉಜ್ಜುವ ಹಟ ಯಾಕೆ?

ಅಕ್ಕ: ಹಟವಿಲ್ಲ. ವಿಕ್ರಾಂತಿನ ಬೋಫೋರ್ಸ್ ತೋಪುಗಳನ್ನು ನಾನೂ ಪ್ರಿಂಟು ಮಾಡಿಸಿದ್ದೇನೆ. ಅಂಥ 40 ಮಿಲಿಮೀಟರ್ ತೋಪನ್ನು ಈ ಅಳತೆಯಲ್ಲಿ ಕೈಯಲ್ಲಿ ಅಷ್ಟು ಚೆನ್ನಾಗಿ ಮಾಡಲಾಗದು. ಆದರೆ ಪ್ರಿಂಟರಿಗೆ ಎಷ್ಟು ತೋಪು, ಎಲ್ಲೆಲ್ಲಿ ಎಂದು ಹೇಳುವವಳು ನಾನೇ. ಹಡಗು ಸೇವೆಗೆ ಬಂದಾಗ 16 ಇದ್ದವು, ಮುಂದೆ ಕಡಿಮೆ ಮಾಡಿದರು. ಯಂತ್ರಕ್ಕೆ ದಿನ ಗೊತ್ತಿಲ್ಲ. ತುಕ್ಕು ಎಷ್ಟು ಹಾಕಬೇಕೆಂದೂ ಅದಕ್ಕೆ ಗೊತ್ತಿಲ್ಲ.

ತಮ್ಮ: ತುಕ್ಕಿಗೂ ಲೆಕ್ಕವೇ?

ಅಕ್ಕ: ಹೊಸಬರು ಎಡವುವುದೇ ಅಲ್ಲಿ. ತುಕ್ಕು ಹಾಕಿದರೆ ನಿಜದ ಹಾಗೆ ಕಾಣುತ್ತದೆಂದು ಮೈತುಂಬ ಬಳಿದುಬಿಡುತ್ತಾರೆ. ಸೇವೆಯಲ್ಲಿರುವ ಯುದ್ಧನೌಕೆಯಲ್ಲಿ ನಾವಿಕರ ದಿನದ ಕೆಲಸದಲ್ಲಿ ತುಕ್ಕು ಕೆರೆದು ಬಣ್ಣ ಬಳಿಯುವುದೇ ಒಂದು ದೊಡ್ಡ ಭಾಗ. ತುಕ್ಕು ಇಳಿಯುವುದು ಲಂಗರದ ತೂತಿನಿಂದ, ಡೆಕ್ಕಿನ ನೀರು ಹೊರಹೋಗುವ ಕಂಡಿಗಳಿಂದ, ನೇರ ಕೆಳಕ್ಕೆ, ಗೆರೆಗೆರೆಯಾಗಿ. ವಾರಗಟ್ಟಲೆ ಸಮುದ್ರದಲ್ಲೇ ಇದ್ದರೆ ಗೆರೆ ಉದ್ದ. ಬಂದರಿನಿಂದ ಈಗಷ್ಟೇ ಹೊರಟಿದ್ದರೆ ಗೆರೆಯೇ ಇಲ್ಲ. ತೆಳು ಎಣ್ಣೆಬಣ್ಣ ಹಚ್ಚಿ, ಟರ್ಪೆಂಟೈನ್ ತೇವದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದರೆ ಗೆರೆ ಉಳಿಯುತ್ತದೆ. ಈ ಗೆರೆ ನೋಡಲು ನಾನು ಕಾರವಾರಕ್ಕೆ ಹೋಗಿಬರುತ್ತಿರುತ್ತೇನೆ.

ತಮ್ಮ: ಟಾಗೋರ್ ಕಡಲತೀರದ ಚಪಲ ಹಡಗಿಗೆ?

ಅಕ್ಕ: ಹೌದು, ಐಎನ್‌ಎಸ್ ಚಪಲ. 2006ರಿಂದ ದಡದ ಮೇಲೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಓಸಾ ಜಾತಿಯ ಕ್ಷಿಪಣಿ ದೋಣಿ, 38.6 ಮೀಟರ್ ಉದ್ದ, ನಾಲ್ಕು ಕ್ಷಿಪಣಿಗಳ ಗೂಡು. ವಿಕ್ರಾಂತ್ ಪೂರ್ವದಲ್ಲಿದ್ದ ಅದೇ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಇದೇ ಕುಲದ ಹಿಂದಿನ ತಲೆಮಾರಿನವು. ಡಿಸೆಂಬರ್ 4 ನೌಕಾಪಡೆಯ ದಿನವಾದದ್ದು ಆ ದಾಳಿಯಿಂದಲೇ. ಚಪಲ ಬಂದದ್ದು 1976ರಲ್ಲಿ. ನಮ್ಮ ಕನ್ನಡನಾಡಿನ ಮಕ್ಕಳು ಟಿಕೆಟ್ ತೆಗೆದು ಹತ್ತಿ ಮುಟ್ಟಬಹುದಾದ ಯುದ್ಧನೌಕೆ ಅದು. 1/700ರಲ್ಲಿ ಮಾಡಿದರೆ ಐದೂವರೆ ಸೆಂಟಿಮೀಟರ್. 1/72ರಲ್ಲಿ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು. ಕಿಟ್‌ಗಳೂ ಇವೆ. ಮಾದರಿ ಕಟ್ಟಲು ಕಲಿಯುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ: ಬಿಸ್ಮಾರ್ಕಿನಂಥ ದೊಡ್ಡ ಯುದ್ಧನೌಕೆ ಆಮೇಲೆ ಮಾಡು, ಮೊದಲು ಕಾರವಾರಕ್ಕೆ ಹೋಗು. ಏಣಿಯ ಮೆಟ್ಟಿಲಿಗೆ ನಿನ್ನ ಪಾದ ಎಷ್ಟು ಹಿಡಿಸುತ್ತದೆ ನೋಡು. ಬಾಗಿಲಲ್ಲಿ ತಲೆ ಎಷ್ಟು ಬಗ್ಗಿಸಬೇಕು ನೋಡು. ಬಣ್ಣ ಒಂದರ ಮೇಲೊಂದು ಎಷ್ಟು ಪದರ ಕೂತಿದೆ ನೋಡು.

ತಮ್ಮ: ಆದರೆ ಅದು ರಷ್ಯನ್ ದೋಣಿ, ವಿಕ್ರಾಂತ್ ಬ್ರಿಟಿಷ್ ಕಟ್ಟಡ. ಒಂದರಿಂದ ಇನ್ನೊಂದು ಕಲಿಯಲು ಬರುತ್ತದೆಯೇ?

ಅಕ್ಕ: ಚಿಲಕ, ತಿರುಪು, ಕೊಂಡಿ ಯಾವುದೂ ಹೊಂದುವುದಿಲ್ಲ. ಅವನ್ನು ಅಲ್ಲಿಂದ ಎತ್ತಿ ಇಲ್ಲಿಗೆ ಹಾಕಿದರೆ ಸುಳ್ಳಾಗುತ್ತದೆ. ಹೊಂದುವುದು ಮನುಷ್ಯನ ಅಳತೆ. ಮನುಷ್ಯ ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಎಂಬುದು ಫೋಟೊದಲ್ಲಿ ತಿಳಿಯುವುದಿಲ್ಲ, ಒಳಗೆ ನಿಂತರೆ ತಿಳಿಯುತ್ತದೆ. ಆಮೇಲೆ ಮೇಜಿಗೆ ಬಂದು ಎರಡೂವರೆ ಮಿಲಿಮೀಟರಿನ ಆ ಮನುಷ್ಯನನ್ನು ಡೆಕ್ಕಿನ ಮೇಲೆ ಇಡುವಾಗ ಅವನು ಬರೀ ಬಣ್ಣದ ಚುಕ್ಕೆಯಾಗಿ ಉಳಿಯುವುದಿಲ್ಲ.

ತಮ್ಮ: ವಿಕ್ರಾಂತನ್ನು ಹೀಗೆ ಹತ್ತಿ ನೋಡಲು ಇನ್ನು ಆಗುವುದಿಲ್ಲ ಅಲ್ಲವೇ?

ಅಕ್ಕ: ಆಗುವುದಿಲ್ಲ. ಮುಂಬೈಯಲ್ಲಿ ನಿಂತಿತ್ತಲ್ಲ, 2012ರಲ್ಲಿ ಸುರಕ್ಷಿತವಲ್ಲವೆಂದು ಜನರಿಗೆ ಮುಚ್ಚಿದರು. ಉಳಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟಿನವರೆಗೂ ಹೋದರು, ಫಲ ಸಿಗಲಿಲ್ಲ. 2014ರ ಕೊನೆಗೆ ಒಡೆಯಲು ಶುರುಮಾಡಿದರು. ಅದರ ಲೋಹದ ಒಂದಿಷ್ಟು ಪಾಲು 2016ರಲ್ಲಿ ಬಜಾಜ್ ಮೋಟರ್‌ಸೈಕಲ್ಲಿಗೂ ಸೇರಿತು. ಹೆಸರನ್ನು ಉಳಿಸಿದ್ದಾರೆ. ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. ಅದು ಬೇರೆ ಹಡಗು, ಅದರ ದಿನಗಳು ಬೇರೆ. ಹಳೆಯದರ 36 ವರ್ಷ ಈಗ ಫೋಟೊಗಳಲ್ಲಿ, ದಾಖಲೆಗಳಲ್ಲಿ, ಅದರ ಮೇಲೆ ದುಡಿದವರ ತಲೆಯಲ್ಲಿ ಮಾತ್ರ ಇದೆ.

ತಮ್ಮ: ನಕ್ಷೆಗಳು ಸಿಗುವುದಿಲ್ಲವೇ?

ಅಕ್ಕ: ಇದೇ ಕುಲದ ಬ್ರಿಟಿಷ್ ಹಡಗುಗಳ ನಕ್ಷೆ ಸಿಗುತ್ತದೆ. ಒಡಲಿನ ಆಕಾರಕ್ಕೆ ಅದು ಸಾಕು. ಆದರೆ ಹಡಗು ಸೇವೆಯಲ್ಲಿದ್ದಾಗ ಜನ ಮಾಡಿಕೊಂಡ ಬದಲಾವಣೆ ನಕ್ಷೆಗೆ ಏರುವುದಿಲ್ಲ. ಡೆಕ್ಕಿನ ಮೇಲೆ ಹಗ್ಗದ ಸುರುಳಿ ಎಲ್ಲಿಡುತ್ತಿದ್ದರು? ವಿಮಾನ ಎಳೆಯುವ ಟ್ರ್ಯಾಕ್ಟರಿಗೆ ಯಾವ ಬಣ್ಣ? ಬಿಸಿಲಿಗೆ ಎಲ್ಲಿ ಟಾರ್ಪಾಲು ಕಟ್ಟುತ್ತಿದ್ದರು? ಆ ಕಾಲದ ಫೋಟೊಗಳು ಹೆಚ್ಚಿನವು ಕಪ್ಪು-ಬಿಳುಪು. ಬಣ್ಣ ಹೇಳಬಲ್ಲವರು ಅಲ್ಲಿ ನಿಂತಿದ್ದವರು ಮಾತ್ರ.

ತಮ್ಮ: ಅವರನ್ನು ಹುಡುಕುವುದು ಹೇಗೆ?

ಅಕ್ಕ: ದೂರ ಹೋಗಬೇಕಿಲ್ಲ. ಹಳೆಯ ನಾವಿಕರು ನಮ್ಮ ಕರಾವಳಿಯ ಊರುಗಳಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ. ವಿಕ್ರಾಂತಿನಲ್ಲಿ ಒಂದು ಸಲಕ್ಕೆ ಸಾವಿರಕ್ಕೂ ಹೆಚ್ಚು ಜನ ಇರುತ್ತಿದ್ದರು. 1971ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 70 ದಾಟಿ ಎಷ್ಟೋ ಆಯಿತು. ಯುದ್ಧ ಹೇಗಿತ್ತು ಎಂದು ಕೇಳಿದರೆ ಅವರು ಎಲ್ಲರೂ ಹೇಳುವ ಮಾತನ್ನೇ ಹೇಳಿ ಸುಮ್ಮನಾಗುತ್ತಾರೆ. ಮಾದರಿಯನ್ನು ಎದುರಿಗಿಟ್ಟು, ನೀವು ಮಲಗುತ್ತಿದ್ದದ್ದು ಎಲ್ಲಿ, ಊಟಕ್ಕೆ ಸಾಲು ನಿಲ್ಲುತ್ತಿದ್ದದ್ದು ಎಲ್ಲಿ ಎಂದು ಕೇಳಿ ನೋಡು. ಬೆರಳು ತಾನಾಗಿ ಮುಂದಕ್ಕೆ ಬರುತ್ತದೆ. ಇಲ್ಲಿ ಬಿಸಿ ತಡೆಯಲಾಗುತ್ತಿರಲಿಲ್ಲ ಎನ್ನುತ್ತಾರೆ. ಇದು ಇಲ್ಲಿರಲಿಲ್ಲ, ಇತ್ತಕಡೆ ಇತ್ತು ಎನ್ನುತ್ತಾರೆ. ನಾನು ಇಷ್ಟು ಹೊತ್ತು ಹೇಳಿದ ಸೂಕ್ಷ್ಮಕ್ಕೆಲ್ಲ ಬೆಲೆ ಬರುವುದು ಅಲ್ಲಿ. ಒರಟು ಗೊಂಬೆ ತೋರಿಸಿದರೆ ಯಾರೂ ತಿದ್ದುವುದಿಲ್ಲ, ನಕ್ಕು ಬಿಡುತ್ತಾರೆ. ಮುಕ್ಕಾಲು ಸರಿಯಿರುವ ಮಾದರಿ ನೋಡಿದರೆ, ಉಳಿದ ಕಾಲುಭಾಗ ಸರಿಮಾಡದೆ ಅವರ ಮನಸ್ಸು ಸುಮ್ಮನಿರುವುದಿಲ್ಲ.

ತಮ್ಮ: ಹಾಗಾದರೆ ಮಾದರಿ ಮುಗಿದಮೇಲೆ ತೋರಿಸುವುದಕ್ಕಿಂತ ಮುಗಿಯುವ ಮುಂಚೆ ತೋರಿಸುವುದು ಒಳ್ಳೆಯದು.

ಅಕ್ಕ: ಅದೇ ನನ್ನ ಮಾತು. ಹವ್ಯಾಸದ ಗೆಳೆಯರಿಗೂ ಇದನ್ನೇ ಹೇಳುತ್ತೇನೆ. ಗಾಜಿನ ಪೆಟ್ಟಿಗೆ ಕೊನೆಗೆ ತನ್ನಿ. ಬಣ್ಣ ಹಾಕುವ ಮುಂಚೆ, ತೋಪುಗಳನ್ನು ಅಂಟಿಸುವ ಮುಂಚೆ, ಆ ಹಡಗಿನಲ್ಲೋ ಅದರ ಒಡನಾಡಿ ಹಡಗಿನಲ್ಲೋ ಕೆಲಸ ಮಾಡಿದವರೊಬ್ಬರನ್ನು ಹುಡುಕಿಕೊಂಡು ಹೋಗಿ. ಅವರು ಹೇಳಿದ್ದನ್ನು ಹೆಸರು, ದಿನ ಹಾಕಿ ಬರೆದಿಟ್ಟುಕೊಳ್ಳಿ. ಮಾದರಿಯ ಪಕ್ಕದ ಫಲಕದಲ್ಲಿ ತೋಪುಗಳ ಲೆಕ್ಕ ಬರೆಯುತ್ತೀರಲ್ಲ, ಅದರ ಜೊತೆಗೆ ಯಾವ ದಿನದ ಹಡಗು, ಆ ದಿನ ಅದಕ್ಕೆ ಏನು ಕಷ್ಟವಿತ್ತು, ಎಷ್ಟು ಜನರಿದ್ದರು, ಅದರಿಂದ ಯಾರಿಗೆ ಏನಾಯಿತು ಎಂಬುದನ್ನೂ ಬರೆಯಿರಿ. ನಿನ್ನ ಪ್ರಶ್ನೆಗೆ, ಕೊಲ್ಲುವ ಯಂತ್ರವನ್ನು ಕಪಾಟಿನಲ್ಲಿ ಇಡಬಹುದೇ ಎಂದೆಯಲ್ಲ, ಅದಕ್ಕೆ ನಾನು ಕೊಡಬಲ್ಲ ಪ್ರಾಮಾಣಿಕ ಉತ್ತರ ಆ ಫಲಕದಲ್ಲಿದೆ.

ತಮ್ಮ: ಆ ಫಲಕ ನಾನು ಬರೆದುಕೊಡಲೇ? ಆದರೆ ಕಾಕ್ಸ್ ಬಜಾರಿನಲ್ಲಿ, ಚಿತ್ತಗಾಂಗಿನಲ್ಲಿ ಕೆಳಗಿದ್ದವರ ಬಗ್ಗೆಯೂ ಒಂದು ಸಾಲು ಇರುತ್ತದೆ. ತೆಗೆ ಎನ್ನಬಾರದು.

ಅಕ್ಕ: ತೆಗೆಯುವುದಿಲ್ಲ. ಆ ಸಾಲನ್ನು ಮೊದಲೇ ಬರೆ. ಬರೆಯುವ ಮುಂಚೆ ಪೆನ್ನು, ಪುಸ್ತಕ, ಫೋನಿನ ರೆಕಾರ್ಡರು ಹಿಡಿದು ನನ್ನ ಜೊತೆ ಬಾ. ಆ ದಿನಗಳಲ್ಲಿ ವಿಕ್ರಾಂತಿನಲ್ಲಿ ದುಡಿದವರೊಬ್ಬರು ಮಾತಾಡಲು ಒಪ್ಪಿದ್ದಾರೆ. ನಾನು ಡೆಕ್ಕಿನ ಬಣ್ಣ ಕೇಳುತ್ತೇನೆ, ನಿನ್ನ ಪ್ರಶ್ನೆ ನೀನೇ ಕೇಳು.